ದಮಯಂತಿ ಬದಲಿಗೆ ದಮಯಂತಿ

ಗುರುತಿನ ದಾಖಲೆ ತಿದ್ದುವ ಜಾಲತಾಣದ ಅಧಿಕಾರಿಗಳೇ,

ಮಾನ್ಯರೇ ಎಂದು ಬರೆಯಬೇಕಂತೆ, ಬರೆದಿದ್ದೇನೆಂದೇ ತಿಳಿದುಕೊಳ್ಳಿ. ನಿಮ್ಮ ಕಂಪ್ಯೂಟರು ನನ್ನ ಹೆಸರನ್ನು ತಿದ್ದದೆಯೇ, ತಿದ್ದಿದ್ದೇನೆಂದು ರಶೀದಿ ಕೊಟ್ಟಿದೆ. ‘ಹಳೆಯ ಹೆಸರು: ದಮಯಂತಿ. ಹೊಸ ಹೆಸರು: ದಮಯಂತಿ. ತಿದ್ದುಪಡಿ ಯಶಸ್ವಿಯಾಗಿದೆ.’ ಇದನ್ನು ಓದಿ ನಗಬೇಕೋ, ನಿಮ್ಮ ಕಚೇರಿಯ ಮುಂದೆ ಬಂದು ಕೂಗಬೇಕೋ?

ನಾನು ಅಂಕೋಲೆಯ ದೀಪಾ. ಹಣಕೋಣಕ್ಕೆ ಮದುವೆಯಾಗಿ ಬಂದಾಗ ನಮ್ಮ ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದು ದಮಯಂತಿ ಎಂದು ಕರೆದರು. ಆಮೇಲೆ ದಾಖಲೆಗೂ ಅದೇ ಹೋಯಿತು. ಮನೆಯಲ್ಲಿ ಆ ಹೆಸರಿಗೆ ಓಗೊಡಲು ನನಗೆ ಬೇಸರವಿಲ್ಲ. ಆದರೆ ಓದಿದ್ದು ದೀಪಾ, ಪಾಸಾಗಿದ್ದು ದೀಪಾ. ಈಗ ನಮ್ಮೂರ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಹುದ್ದೆ ಖಾಲಿಯಿದೆ. ಅಂಕಪಟ್ಟಿಯ ಹೆಸರೂ ಗುರುತಿನ ದಾಖಲೆಯ ಹೆಸರೂ ಒಂದೇ ಆಗಿರಬೇಕಂತೆ. ಮುಂದಿನ ಸಲ ಅರ್ಜಿ ಕರೆಯುವಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತದೆ.

ಕಾರವಾರದ ಸೇವಾಕೇಂದ್ರಕ್ಕೆ ಹೋದೆ. ಪುಟ ತೆರೆದಾಗ ಎಲ್ಲ ಚೌಕಗಳಲ್ಲೂ ಹಳೆಯ ವಿವರ ತುಂಬಿತ್ತು. ಕೇಂದ್ರದ ಪ್ರೇಕ್ಷಾ ದಮಯಂತಿಯನ್ನು ಅಳಿಸಿ ದೀಪಾ ಎಂದು ಟೈಪ್ ಮಾಡಿದಳು. ಕೊನೆಗೆ ಡೊಂಕು ಅಕ್ಷರಗಳನ್ನು ನೋಡಿ ಬರೆಯುವ ಚೌಕದಲ್ಲಿ ಒಂದಕ್ಷರ ತಪ್ಪಿತು. ಅದಕ್ಕೆ ನಿಮ್ಮ ಪುಟ ಕೊಟ್ಟ ಶಿಕ್ಷೆ ಏನು? ನಾವು ಬರೆದದ್ದೆಲ್ಲ ಒರೆಸಿ ಹಾಕಿ, ಹಳೆಯದನ್ನೇ ತುಂಬಿ ಕೂತಿತು.

“ಅಕ್ಕಾ, ಮತ್ತೆ ದಮಯಂತಿನೇ ಬಂದ್ಲಲ! ಎಂತ ಮಾಡೂದು?” ಎಂದಳು ಪ್ರೇಕ್ಷಾ.

ಮತ್ತೆ ಬರೆದಳು, ಮತ್ತೆ ಅಕ್ಷರ ತಪ್ಪಿತು. ಅದರ ಮುಂದಿನ ಸಲ ನಮ್ಮಿಬ್ಬರ ಕಣ್ಣೂ ಆ ಹಾಳು ಅಕ್ಷರಗಳ ಮೇಲೆಯೇ. ಅವು ಸರಿಯಾದವು, ಮೇಲಿನ ಹೆಸರು ಹಳೆಯದಾಗಿಯೇ ಇತ್ತು, ಅರ್ಜಿ ಹೋಯಿತು. ನಿಮ್ಮ ಕಚೇರಿಗೆ ಫೋನ್ ಮಾಡಿದರೆ, “ವರ್ಷಕ್ಕೆ ಒಂದೇ ಸಲ ತಿದ್ದೂಕೆ ಆಗೂದು. ನೀವೇ ಕಳ್ಸಿದ್ದಲ್ವಾ, ನಾವೆಂತ ಮಾಡೂದು?” ಎಂಬ ಉತ್ತರ.

ಹಳೆಯದನ್ನು ಅಷ್ಟು ಜೋಪಾನವಾಗಿ ಇಟ್ಟುಕೊಳ್ಳುವ ಪುಟಕ್ಕೆ, ನಾನು ಈಗಷ್ಟೇ ಬರೆದದ್ದನ್ನು ಇಟ್ಟುಕೊಳ್ಳಲು ಜಾಗವಿಲ್ಲವೇ? ಹಳೆಯದೇ ಬೇಕೆನ್ನುವವರಿಗೆ ಒಂದು ಗುಂಡಿ ಕೊಡಿ, ಒತ್ತಿದರೆ ತನ್ನಿ. ನಾನು ಒತ್ತಿದ್ದೆನೇ? ಒಂದು ಚೌಕ ತಪ್ಪಾದರೆ ಅದೊಂದನ್ನೇ ತೋರಿಸಿ, ಉಳಿದದ್ದನ್ನು ಮುಟ್ಟಬೇಡಿ. ಇಂಥ ಪುಟಗಳನ್ನು ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇದು ನಾಲ್ಕು ಸಾಲಿನ ಕೆಲಸ ಎನ್ನುತ್ತಾನೆ ನನ್ನ ಮೈದುನ ವಿಕಾಸ. ಏನೂ ಬದಲಾಗದ ಅರ್ಜಿ ಬಂದಾಗ ‘ಏನನ್ನು ತಿದ್ದಬೇಕಿತ್ತು?’ ಎಂದು ಕೇಳುವಷ್ಟು ಸೌಜನ್ಯವೂ ಬೇಡವೇ? ಹೊಟ್ಟೆ ಉರಿಯುತ್ತದೆ, ಸ್ವಾಮಿ.

ಏನನ್ನೂ ತಿದ್ದದ ಆ ತಿದ್ದುಪಡಿಯನ್ನು ಲೆಕ್ಕದಿಂದ ತೆಗೆಯಿರಿ. ಶುಕ್ರವಾರದೊಳಗೆ ಪುಟವನ್ನು ನನಗೆ ಮತ್ತೆ ತೆರೆಯಿರಿ, ಅಂಗನವಾಡಿಯ ಅರ್ಜಿಗೆ ಅದೇ ಕೊನೆಯ ದಿನ. ಮದುವೆಯಲ್ಲಿ ಹೆಸರು ಬದಲಿಸುವಾಗ ನನ್ನನ್ನು ಯಾರೂ ಕೇಳಲಿಲ್ಲ. ಈಗ ನಾನೇ ಬಾಯಿಬಿಟ್ಟು ಕೇಳುತ್ತಿದ್ದೇನೆ, ಕೊಡಿ.

ಇಂತಿ,
ನಿಮ್ಮ ಯಶಸ್ವಿ ತಿದ್ದುಪಡಿಯ ನಂತರವೂ ಬದಲಾಗದೆ ಉಳಿದ
ದೀಪಾ, ಹಣಕೋಣ