ಫ್ಲೆಕ್ಸಿನಲ್ಲಿ ನನ್ನ ಮುಖ

ಕಾಪುವಿನ ನಾಟಿ ವೈದ್ಯ ರಘುಪತಿಯವರಿಗೆ,

ನಿಮ್ಮ ಅಂಗಡಿಯ ಫ್ಲೆಕ್ಸನ್ನು ಕತ್ತಿಯಿಂದ ಸೀಳಿದ್ದು ನಾನೇ. ತಡೆಯಲು ಬಂದ ನಿಮ್ಮ ಅಳಿಯನ ಹಲ್ಲು ಮುರಿದದ್ದೂ ನಾನೇ. ಪೊಲೀಸರಿಗೆ ಹೇಳಿ.

ನನ್ನ ರಕ್ತದ ಕ್ಯಾನ್ಸರ್ ಇಳಿದದ್ದು ಮಣಿಪಾಲದ ಕಿಮೋದಿಂದ. ಅಮ್ಮ ನಿಮ್ಮ ಬೇರಿನ ಮದ್ದನ್ನೂ ತಂದು, ಗುಣವಾದರೆ ನಿಮಗೆ ಕಾಣಿಕೆ ಕೊಡುವೆನೆಂದು ಹರಕೆ ಹೊತ್ತಿದ್ದರು. ತೀರಿಸಲು ಬಂದಾಗ ನನ್ನ ಫೋಟೋ ಕೊಟ್ಟರು. ಅದರ ಕೆಳಗೆ ನೀವು 'ಬೇರಿನಿಂದಲೇ ಗುಣ' ಎಂದು ಬರೆಸಿದಿರಿ. ರೋಗಿಯ ಭಯವನ್ನು ಮಾರುವುದು ಜನದ್ರೋಹ.

ಅದನ್ನು ನೋಡಿ, ವಾರ್ಡಿನಲ್ಲಿ ನನ್ನ ಪಕ್ಕದಲ್ಲಿದ್ದ ಮಾನ್ಯಾಳನ್ನು ಅವಳಪ್ಪ ಚಿಕಿತ್ಸೆ ಬಿಡಿಸಿ ಉದ್ಯಾವರದ ಮನೆಗೆ ಕರೆದೊಯ್ದಿದ್ದಾರೆ. ನಿಜ ಹೇಳಲು ಅಲ್ಲಿಗೆ ಹೋದ ನನಗೆ, "ನಿನಗೆ ಬೇರಿನಲ್ಲೇ ಗುಣ ಆಗಿದೆ ಅಲ್ವಾ? ನನ್ನ ಮಗಳಿಗೆ ಮಾತ್ರ ಸೂಜಿ ಎಂತಕ್ಕೆ?" ಎಂದು ಬಾಗಿಲು ಹಾಕಿದರು.

ಅವರು ನಂಬುವುದು ನಿಮ್ಮನ್ನು. ನಾಳೆ ಬೆಳಿಗ್ಗೆ ರಿಕ್ಷಾ ತರುತ್ತೇನೆ. ಬಂದು, ಸುಳ್ಳು ಹೇಳಿದೆನೆಂದು ಅವರೆದುರು ಒಪ್ಪಿಕೊಳ್ಳಿ. ನೀವಾಗಿಯೇ ಹತ್ತಿದರೆ ಮೈ ಮುಟ್ಟುವುದಿಲ್ಲ.

ಇಂತಿ,
ಶರ್ವಾಣಿ, ಕಲ್ಯಾಣಪುರ