ಕಬಾಬಿನಂಗಡಿಯಲ್ಲಿ ಇಟ್ಟ ಆಣೆ

ಅಕ್ಕ ನಬವಿಯಾಳಿಗೆ ತಮ್ಮ ಅತಿಯಾನ ಸಲಾಮು.

ಕೈರೋ ಶಹರ ಈಗ ನನ್ನ ಮುಷ್ಟಿಯಲ್ಲಿದೆ. ಪಿರಮಿಡ್ಡಿನ ಕಾವಲುಗಾರರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಆದ್ದರಿಂದ ಪ್ರವಾಸದ ಚಿಂತೆ ಬಿಡು. ಹಬ್ಬದ ಮರುದಿನವೇ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ರೈಲು ಹತ್ತು.

ಸಣ್ಣಪುಟ್ಟ ಬದಲಾವಣೆಗಳಿವೆ. ವಸತಿಗೃಹ ಬೇಡ, ಇಲ್ಲಿ ರೊಟ್ಟಿ ಅಂಗಡಿ ಇಟ್ಟಿರುವ ನಮ್ಮೂರಿನವನ ಮಾಳಿಗೆಯಲ್ಲಿ ಮಲಗೋಣ. ಅಮ್ಮ ಜನ್ಮವಿಡೀ ನೋಡಬೇಕೆಂದ ಹುಸೇನ್ ಮಸೀದಿಯ ಮಿನಾರು ಅಲ್ಲಿಂದ ಕಾಣುತ್ತದೆ. ದೋಣಿಯಲ್ಲಿ ಕೂತರೆ ಅವಳಿಗೆ ತಲೆ ಸುತ್ತೀತು, ನೈಲ್ ನದಿಯನ್ನು ಸೇತುವೆಯಿಂದಲೇ ತೋರಿಸೋಣ. ರೊಟ್ಟಿ, ಗಿಣ್ಣು, ಬೇಯಿಸಿದ ಮೊಟ್ಟೆ ಧಾರಾಳವಾಗಿ ತಾ.

ಆದದ್ದಿಷ್ಟು. ಬಾಡಿಗೆ ಇಳಿಸಲೆಂದು ವಸತಿಗೃಹದ ಯಜಮಾನ ಝಕಿಯನ್ನು ಕಬಾಬು ತಿನ್ನಲು ಕರೆದೆ. ಅವನು ಐದು ಜನ ಗೆಳೆಯರೊಂದಿಗೆ ಬಂದ. ಬಿಲ್ಲು ಬಂದಾಗ ನಮ್ಮೂರ ರೂಢಿಯಂತೆ ಎದ್ದು ನಿಂತು, "ನಾನು ಕೊಡದಿದ್ರೆ ನನ್ನ ಹೆಂಡ್ತಿಗೆ ತಲಾಖ್!" ಎಂದು ಆಣೆ ಇಟ್ಟೆ. ನಮ್ಮಲ್ಲಾದರೆ ಎದುರಿನವನು ಇನ್ನೂ ದೊಡ್ಡ ಆಣೆ ಇಟ್ಟು, ಅಂಗಿ ಹರಿಯುವಂತೆ ಎಳೆದಾಡಿ, ತಾನೇ ಕೊಡುತ್ತಾನಲ್ಲವೇ? ಝಕಿ ಬಾಯಿ ಒರೆಸಿಕೊಂಡು, "ಅಯ್ಯೋ ಮಾರಾಯ, ನಿನ್ನ ಸಂಸಾರ ಮುರಿದ ಪಾಪ ನನಗ್ಯಾಕೆ? ನೀನೇ ಕೊಟ್ಬಿಡಪ್ಪ" ಅಂದ.

ಕೊಟ್ಟೆ. ಸಬಾಹ್ ಇನ್ನೂ ನನ್ನ ಹೆಂಡತಿಯೇ. ಅವಳಿಗೆ ಈ ವಿಷಯ ಹೇಳಬೇಡ, ಅಮ್ಮನಿಗೂ ಬೇಡ. ಮೃಗಾಲಯದ ಟಿಕೆಟ್ಟಿಗೆ ಸಾಕಾಗುವಷ್ಟು ಉಳಿದಿದೆ. ಮಕ್ಕಳಿಗೆ ಆನೆ ತೋರಿಸಿಯೇ ತೀರುತ್ತೇನೆ.

ನಿನ್ನ ಮಕ್ಕಳ ಸೋದರಮಾವ,
ಅತಿಯಾ

ಮರೆತಿದ್ದೆ: ಊಟಕ್ಕೆ ಸ್ವಲ್ಪ ಹೋಯಿತೆಂದಷ್ಟೇ ಬರೆಯೋಣವೆಂದುಕೊಂಡಿದ್ದೆ. ನೀನು ಬಾತುಕೋಳಿಗಳನ್ನೆಲ್ಲ ಮಾರಿ ಕೊಟ್ಟ ಎಂಬತ್ತು ಪೌಂಡಿನಲ್ಲಿ ಹೋದದ್ದು ಎಪ್ಪತ್ತೊಂದು.