ವಿಯೆನ್ನಾ ಗಾಡಿ, ಎಂಟು ಎರಡಕ್ಕೆ

ಅಕ್ಟೋಬರ್ 4, 2025. ಶನಿವಾರ. ಬೆಳಿಗ್ಗೆ 8:20

ನಿಕಿತಾಳ ಗಾಡಿ ಬ್ರಾಟಿಸ್ಲಾವಾ ಬಿಟ್ಟಿತು. ಎಂಟು ನಿಮಿಷ ತಡ. ಅಲ್ಲಿ ಈಗ ಸಂಜೆ ಐದೂಇಪ್ಪತ್ತು. ಒಂಬತ್ತು ತಾಸಿನ ಫರಕು.

ಮೊಮ್ಮಗಳು ವಿಯೆನ್ನಾಕ್ಕೆ ಓದಲು ಹೋಗಿದ್ದಾಳೋ, ರೈಲು ಹತ್ತಿ ಇಳಿಯಲು ಹೋಗಿದ್ದಾಳೋ — ಬಸವಣ್ಣನೇ ಬಲ್ಲ. ಒಂದು ಸೆಮಿಸ್ಟರ್. ಐದು ದಿನ ಕ್ಲಾಸು, ಎರಡು ದಿನ ತಿರುಗಾಟ. ಅದೂ ಒಬ್ಬಳೇ. ಗುರುವಾರ ಊರಿನ ಹೆಸರು ಕಳಿಸುತ್ತಾಳೆ. ನಾನು ಫೋನಿನಲ್ಲಿ ಗಾಡಿ ಹುಡುಕಿ, ಹಾಳೆಯ ಮೇಲೆ ಶೆಡ್ಯೂಲ್ ಬರೆದು, ಫೋಟೊ ತೆಗೆದು ಕಳಿಸುತ್ತೇನೆ. ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿ ಕೂತವನಿಗೆ, ಅಮೆರಿಕದ ಡುವಾಲ್‌ನಲ್ಲಿ ಮಗನ ಈ ಮನೆಯಲ್ಲಿ ಇದೊಂದೇ ಡ್ಯೂಟಿ. ಬಾಕಿ ಕೆಲಸ ಯಂತ್ರಗಳು ಮಾಡುತ್ತವೆ.

ವಿಡಿಯೋ ಕಾಲ್‌ನಲ್ಲಿ ನನ್ನ ಹೆಂಡತಿ ಶಾಂತವ್ವನಿಗೆ ನದಿ ತೋರಿಸಿದಳು, ಕೋಟೆ ತೋರಿಸಿದಳು. ಶಾಂತವ್ವನದು ಯಾವಾಗಲೂ ಅದೇ ಪ್ರಶ್ನೆ — "ಒಬ್ಬಾಕಿನ ಹೋಗೀ ಏನಬೇ?" ಅವಳದೂ ಅದೇ ಉತ್ತರ — "ಯೆಸ್ ಅಜ್ಜಿ, ಒಬ್ಬಾಕಿನ." ಈ ಒಂದು ಶಬ್ದ ಮಾತ್ರ ಕನ್ನಡದಲ್ಲಿ.

ಫೋನ್ ಇಟ್ಟಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. "ನಿಮ್ಮ ಬಸ್ಸಿನ ಫ್ರೀ ಫ್ಯಾಮಿಲಿ ಪಾಸ್ ನನ್ನ ಟ್ರಂಕಿನ್ಯಾಗ ಎಷ್ಟು ವರ್ಷ ಇತ್ತು? ಒಂದ ದಿನಾನೂ ಒಬ್ಬಾಕಿನ ಬಾದಾಮಿ ತನಕ ಹೋಗಲಿಲ್ಲ ನಾ."

ಬೇಡ ಎಂದು ಯಾರು ಹೇಳಿದ್ದರು, ಎಂದೆ. ಹೋಗು ಅಂತ ಯಾರ ಹೇಳಿದ್ರು, ಎಂದಳು.

ಮತ್ತೆ ಅರ್ಧ ಇಡ್ಲಿ ಬಿಟ್ಟಿದ್ದಾಳೆ. ಮಂಗಳವಾರ ಸ್ಕ್ಯಾನ್ ರಿಪೋರ್ಟ್.

ಅಕ್ಟೋಬರ್ 7. ಸಂಜೆ

ಗಡ್ಡೆ. ಲಿವರ್‌ನಲ್ಲೂ ಇದೆ. ಔಷಧಿಯಿಂದ ಆಗುವುದಿಲ್ಲ. ಡಾಕ್ಟರಮ್ಮ ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಮೂರು ತಿಂಗಳು. ಕಡಿಮೆಯೂ ಆಗಬಹುದು. ಇಲ್ಲಿಯವರಿಗೆ ಹೀಗೆ ಹೇಳುವ ಧೈರ್ಯ ಎಲ್ಲಿಂದ ಬರುತ್ತದೆ?

ಮಗ ಶಶಿಕಾಂತ ಕಾರು ನಡೆಸಿದ. ಮನೆಗೆ ಬಂದಮೇಲೆ ಸೊಸೆ ಪೂಜಿತಾ ಅಂದಳು — "ಮಾವ, ನಿಕ್ಕಿಗೆ ಈಗಲೇ ಹೇಳೋದು ಬೇಡ. ಒಬ್ಬಳೇ ಇದಾಳೆ ಅಲ್ಲಿ. ಎಕ್ಸಾಮ್ ಮುಗಿಸ್ಕೊಂಡು ಬರಲಿ."

ಡಿಸೆಂಬರ್ 20ಕ್ಕೆ ಬರುತ್ತಾಳೆ. ಲೆಕ್ಕ ಹಾಕಿದೆ. ಮೂರು ತಿಂಗಳೆಂದರೆ ಜನವರಿ 7. ಹದಿನೆಂಟು ದಿನ ಕೈಯಲ್ಲಿ ಉಳಿಯುತ್ತದೆ. ಕನೆಕ್ಷನ್ ಸಿಗುತ್ತದೆ. ಹೂಂ ಎಂದೆ.

ಶಾಂತವ್ವನೂ ಅದೇ ಮಾತು. "ಆಕೀಗೆ ತಿರುಗಾಡಾಕ ಬಿಡ್ರಿ. ನನ್ನ ಹೆಸರಿಲೆ ಯಾಕ ಅಡ್ಡಿ ಮಾಡ್ತೀರಿ."

ಅಕ್ಟೋಬರ್ 26. ಭಾನುವಾರ

ಯುರೋಪಿನಲ್ಲಿ ಗಡಿಯಾರ ಹಿಂದೆ ಹಾಕಿದರು. ಇಲ್ಲಿ ಇನ್ನೂ ಒಂದು ವಾರ ಇದೆ. ಈ ವಾರ ಮಾತ್ರ ಎಂಟು ತಾಸಿನ ಫರಕು. ಒಂದು ತಾಸು ಹತ್ತಿರ ಬಂದಿದ್ದಾಳೆ ಎಂದು ಶಾಂತವ್ವನಿಗೆ ಹೇಳಿದೆ. ನಕ್ಕಳು. ನಕ್ಕರೆ ನೋವಾಗುತ್ತದೆ, ಆದರೂ ನಕ್ಕಳು.

ನಿಕಿತಾ ಲ್ಯುಬ್ಲ್ಯಾನಾದಲ್ಲಿ. ಕಾಲ್ ಬಂದಾಗ ಶಾಂತವ್ವ ಔಷಧಿಯ ನಿದ್ದೆಯಲ್ಲಿದ್ದಳು. ಪಕ್ಕದೂರು ವುಡಿನ್‌ವಿಲ್‌ನ ಸೌಜನ್ಯ ಆಂಟಿಯ ಮನೆಗೆ ಭಜನೆಗೆ ಹೋಗಿದ್ದಾಳೆ ಎಂದೆ. ಸುಳ್ಳು. ಕಳೆದ ವಾರವೂ ಇದನ್ನೇ ಹೇಳಿದ್ದೆ; ಇದು ಎರಡನೆಯದು.

ನವೆಂಬರ್ 2. ಭಾನುವಾರ. ಬೆಳಿಗ್ಗೆ 9

ಇವತ್ತು ಸೂಚನೆ ಕೊಟ್ಟೆ.

ನಮ್ಮಲ್ಲಿ ಹೇಳುವ ರೀತಿ ಒಂದಿದೆ. ಬಸ್ ಸ್ಟ್ಯಾಂಡಿಗೆ ಫೋನ್ ಬರುತ್ತಿತ್ತು — ಇಂಥ ಊರಿನ ಇಂಥವರು ಅಲ್ಲಿದ್ದಾರೆ, ಅವರ ತಂದೆ ತೀರಿಕೊಂಡರು ಎಂದು. ಹೆಸರು ಚೀಟಿಯ ಮೇಲೆ ಬರೆದುಕೊಂಡು ಮೈಕಿನಲ್ಲಿ ಕೂಗುತ್ತಿದ್ದೆ. ಬಂದವರಿಗೆ ಸತ್ತ ಸುದ್ದಿ ಹೇಳುತ್ತಿರಲಿಲ್ಲ. "ನಿಮ್ಮ ತಂದಿಗೆ ಸ್ವಲ್ಪ ಸೀರಿಯಸ್ ಅಂತ್ರಿ, ಊರಿಗೆ ಬರಬೇಕಂತ" — ಇಷ್ಟೇ. ಅವರು ನನ್ನ ಮುಖ ನೋಡುತ್ತಿದ್ದರು. ತಿಳಿಯುತ್ತಿತ್ತು. ಮೊದಲು ಹೋಗುವ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿ, ಕಂಡಕ್ಟರ್ ಕಿವಿಯಲ್ಲಿ ಹೇಳುತ್ತಿದ್ದೆ. ದಾರಿಯಲ್ಲಿರುವವರಿಗೆ ಪೂರ್ತಿ ಹೇಳಬಾರದು. ಊರು ಮುಟ್ಟುವ ತನಕ ಕಾಲಲ್ಲಿ ಶಕ್ತಿ ಇರಬೇಕು.

ಹಾಗೆಯೇ ನಿಕಿತಾಗೆ ಹೇಳಿದೆ. ಶಶಿಕಾಂತ ಅಂಗಡಿಗೆ ಹೋಗಿದ್ದ. "ಅಜ್ಜಿಗೆ ಸ್ವಲ್ಪ ಅರಾಮಿಲ್ಲವ್ವಾ. ಊಟ ಕಡಿಮಿ ಮಾಡ್ಯಾಳ. ನಿನ್ನ ಭಾಳ ನೆನಸ್ತಾಳ."

ಬಾಗಲಕೋಟೆಯಲ್ಲಿ ಹುಟ್ಟಿದವರಾಗಿದ್ದರೆ ಎರಡನೇ ಮಾತಿಗೇ ಬ್ಯಾಗ್ ಕೈಗೆತ್ತಿಕೊಳ್ಳುತ್ತಿದ್ದರು.

"ಓ ನೋ. ಟೆಲ್ ಹರ್ ಟು ರೆಸ್ಟ್, ಅಜ್ಜಾ. ಐ ಮಿಸ್ ಹರ್ ಟೂ. ನೆಕ್ಸ್ಟ್ ವೀಕ್ ಸಾಲ್ಜ್‌ಬರ್ಗ್, ಓಕೆ?"

ಓಕೆ ಎಂದೆ. ಮತ್ತೇನು ಹೇಳಲಿ. ಹೇಳಿದ್ದೇನೆ ಅನ್ನುವ ಸಮಾಧಾನವೂ ಇಲ್ಲ, ಹೇಳಿಲ್ಲ ಅನ್ನುವ ಹಾಗೂ ಇಲ್ಲ.

ನವೆಂಬರ್ 8

ಸಾಲ್ಜ್‌ಬರ್ಗ್. ಗಾಡಿ ಸರಿಯಾದ ಹೊತ್ತಿಗೆ. ಶಾಂತವ್ವ ಎದ್ದು ಕೂರಲಿಲ್ಲ. ದಿಂಬಿನ ಪಕ್ಕ ಫೋನ್ ಹಿಡಿದೆ, ಕ್ಯಾಮೆರಾ ಕಿಟಕಿಯ ಕಡೆ ತಿರುಗಿಸಿ. ಮುಖ ಕಾಣಬಾರದು ಎಂದು. ನಿಕಿತಾಗೆ ಕಂಡದ್ದು ಕಣಿವೆಯ ಮಂಜು ಮಾತ್ರ.

ನವೆಂಬರ್ 20. ಗುರುವಾರ. ಮಧ್ಯಾಹ್ನ 12:30

ಹನ್ನೆರಡು ದಿನ ಬರೆಯಲಿಲ್ಲ. ಹಾಲ್‌ನಲ್ಲಿ ಆಸ್ಪತ್ರೆಯ ಮಂಚ ಹಾಕಿದ್ದಾರೆ. ನರ್ಸ್ ವಾರಕ್ಕೆ ಎರಡು ಸಲ ಬರುತ್ತಿದ್ದಳು, ಈಗ ದಿನಾ ಬರುತ್ತಾಳೆ. ಜನವರಿಯ ಮಾತು ಯಾರೂ ಆಡುತ್ತಿಲ್ಲ. ಹೊಳೆ ಉಕ್ಕಿ ಕೆಳಗಿನ ರಸ್ತೆ ಎರಡು ದಿನ ಬಂದ್ ಇತ್ತು. ಶಶಿಕಾಂತ ವುಡಿನ್‌ವಿಲ್ ಮೇಲೆ ಸುತ್ತು ಹಾಕಿ ಆಫೀಸಿಗೆ ಹೋಗಿಬಂದ. ನಿನ್ನೆಯಿಂದ ಹೋಗುತ್ತಿಲ್ಲ. ಅಡುಗೆಮನೆಯಲ್ಲೇ ಲ್ಯಾಪ್‌ಟಾಪ್.

ಈಗ ನಿಕಿತಾ ಫೋನ್ ಮಾಡಿದ್ದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವಳ ಅಮೆರಿಕನ್ ಕಾಲೇಜು ನಾಲ್ಕು ದಿನ ರಜೆ ಕೊಟ್ಟಿದೆಯಂತೆ.

"ಅಜ್ಜಾ, ಮನೆಗೆ ಬರ್ಲಾ? ಆರ್ ಶುಡ್ ಐ ಡೂ ಟ್ರಿಯೆಸ್ಟೆ? ಯೂ ಟೆಲ್ ಮಿ."

ನೇರ ಕೇಳಿದಳು. ಬಾ ಎನ್ನಬೇಕು. ಒಂದೇ ಅಕ್ಷರ. ಶಶಿಕಾಂತ ಎದುರಿಗೇ ನಿಂತು ತಲೆ ಅಲ್ಲಾಡಿಸುತ್ತಿದ್ದ. ಬಾಯಿಂದ ಬಂದದ್ದು ಇದು —

"ನಾಕ ದಿನಕ್ಕ ಅಷ್ಟ ದೂರ ಯಾಕ ತ್ರಾಸ ತಗೋತೀ. ನೋಡವ್ವಾ, ನಿನಗ ಹೆಂಗ ಅನಸ್ತದ ಹಂಗ ಮಾಡು."

ನಮ್ಮ ಮನೆಗಳಲ್ಲಿ ಹಿರಿಯರು ಹೀಗೆ ಅಂದರೆ ಓಡಿ ಬರಬೇಕು ಎಂದೇ ಅರ್ಥ. ಬಾ ಎಂದು ಯಾರು ಬಾಯಿಬಿಟ್ಟು ಕರೆಯುತ್ತಾರೆ? ಈ ಹುಡುಗಿ ಡುವಾಲ್‌ನಲ್ಲಿ ಬೆಳೆದವಳು. ಅಂದದ್ದನ್ನು ಅಂದಷ್ಟೇ ತಗೊಳ್ಳುತ್ತಾಳೆ. ತಪ್ಪು ಅವಳದಲ್ಲ.

"ಓಕೆ, ಟ್ರಿಯೆಸ್ಟೆ ದೆನ್. ಐ ವಾಂಟ್ ಟು ಶೋ ಅಜ್ಜಿ ದ ಸೀ. ಶೆಡ್ಯೂಲ್ ಪ್ಲೀಸ್."

ಇಟಲಿಯ ಆ ಕಡಲ ದಂಡೆಯ ಊರಿಗೆ ಶೆಡ್ಯೂಲ್ ಬರೆದುಕೊಟ್ಟೆ. 27 ಗುರುವಾರ ಹೋಗುವುದು, 30 ಭಾನುವಾರ ಬರುವುದು. ವಾಪಸ್ ಗಾಡಿ ವಿಯೆನ್ನಾ ಮುಟ್ಟುವುದು ಸಂಜೆ 5:02. ನಮ್ಮ ಬೆಳಿಗ್ಗೆ 8:02. ಒಂಬತ್ತು ತಾಸಿನ ದಾರಿ. ಅಚ್ಚುಕಟ್ಟಾಗಿ, ಕೆಳಗೆ ಗೆರೆ ಎಳೆದು, ಈ ಕೈಯಿಂದಲೇ.

ನವೆಂಬರ್ 25

ಶಾಂತವ್ವ ಕೇಳಿದಳು, "ನಿಕ್ಕಿ ಬಸ್ಸು ಬಂತೇನ್ರಿ?"

ಲೇಟ್ ಐತಿ, ಎಂದೆ.

"ಎಷ್ಟ ಲೇಟ್?"

ಮೂವತ್ತೊಂದು ವರ್ಷ ಈ ಪ್ರಶ್ನೆಗೆ ಉತ್ತರ ಕೊಟ್ಟವ ನಾನು. ಇವತ್ತು ಅವಳ ಹೊದಿಕೆ ಸರಿಪಡಿಸಿದೆ.

ಶಶಿಕಾಂತನಿಗೆ ಹೇಳಿದೆ — ಹೇಳಿಬಿಡೋಣ. "ಅಪ್ಪಾ, ಇನ್ನು ಮೂರು ವಾರ ಅದ. ಆಕೀ ಪರೀಕ್ಷಾ ಕೆಡ್ತದ. ಅವ್ವನ ಬ್ಯಾಡ ಅಂದಾಳ." ಅವನ ಕಣ್ಣು ಕೆಂಪಾಗಿತ್ತು. ಅವ್ವ ಬೇಡ ಅಂದದ್ದು ಅಕ್ಟೋಬರಿನಲ್ಲಿ. ಈಗ ಅವಳು ಬಸ್ಸು ಕೇಳುತ್ತಿದ್ದಾಳೆ. ಇದನ್ನು ಅವನಿಗೆ ಹೇಳಲಿಲ್ಲ. ಮಗ. ಅವನದೂ ತಾಯಿ.

ನವೆಂಬರ್ 28. ಶುಕ್ರವಾರ. ಬೆಳಿಗ್ಗೆ 7

6:40ಕ್ಕೆ ಟ್ರಿಯೆಸ್ಟೆಯಿಂದ ಕಾಲ್. ಶಾಂತವ್ವ ಎಚ್ಚರ ಇದ್ದಳು. ನಿಕಿತಾ ಸಮುದ್ರ ತೋರಿಸಿದಳು. ಅಲ್ಲಿ ಇನ್ನೂ ಬಿಸಿಲು. ಕಲ್ಲಿನ ಕಟ್ಟೆ, ನೀರು, ಒಂದು ದೋಣಿ. ನಾನು ಫೋನ್ ಹತ್ತಿರ ಹಿಡಿದೆ. ಕ್ಯಾಮೆರಾ ತಿರುಗಿಸುವುದು ಮರೆತೆ.

"ಒಬ್ಬಾಕಿನ ಬಂದೀ?"

"ಹೌದು ಅಜ್ಜಿ. ಒಬ್ಬಾಕಿನ."

"ನನ್ನ ಪಾಸ್ ನೀ ತಗೋಬೇ," ಎಂದಳು ಶಾಂತವ್ವ. ಧ್ವನಿ ಗಾಳಿಯಷ್ಟೇ ಇತ್ತು.

ನಿಕಿತಾ ಅಜ್ಜಿಯ ಮುಖ ನೋಡಿದ್ದಳು. ಸಮುದ್ರದ ಗಾಳಿ ಫೋನಿನಲ್ಲಿ ಕೇಳುತ್ತಿತ್ತು.

"ಅಜ್ಜಾ, ವೈ ಈಸ್ ಶಿ ಸೋ ಥಿನ್? ಟೆಲ್ ಮಿ ದ ಟ್ರುಥ್. ನಿಜ ಹೇಳು."

ನಿಜ ಹೇಳು ಎಂದು ಕನ್ನಡದಲ್ಲಿ ಕೇಳಿದಳು.

"ಕ್ಯಾಮೆರಾದಾಗ ಹಂಗ ಕಾಣಸ್ತದವ್ವಾ," ಎಂದೆ.

ನವೆಂಬರ್ 29. ಶನಿವಾರ. ಸಂಜೆ 6

ಮಧ್ಯಾಹ್ನ 3:05. ಶಾಂತವ್ವ.

ಪೂಜಿತಾ ಹಣೆಗೆ ವಿಭೂತಿ ಹಚ್ಚಿದಳು. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಬೆರಳು ಇನ್ನೂ ಬೆಚ್ಚಗಿದ್ದವು. ಐವತ್ತೆರಡು ವರ್ಷದ ಸಂಸಾರ. ಐದಕ್ಕೆ ಗಾಡಿ ಬಂತು, ಇಬ್ಬರು ಕಪ್ಪು ಕೋಟಿನವರು, ಬಹಳ ಮರ್ಯಾದೆಯಿಂದ ಎತ್ತಿಕೊಂಡು ಹೋದರು. ಅವಳು ಮೊದಲ ಸಲ ಒಬ್ಬಳೇ ಹೋದಳು.

ನಿಕಿತಾ ಟ್ರಿಯೆಸ್ಟೆಯಲ್ಲಿ ನಿದ್ದೆಯಲ್ಲಿರುತ್ತಾಳೆ. ಶಶಿಕಾಂತ ಹೇಳಿದ — ಈಗ ಎಬ್ಬಿಸೋದು ಬೇಡ. ಬೆಳಿಗ್ಗೆ ಒಂಬತ್ತು ತಾಸು ಗಾಡಿಯಲ್ಲಿ ಒಬ್ಬಳೇ ಕೂತಿರುತ್ತಾಳೆ, ಆಗಲೂ ಬೇಡ. ವಿಯೆನ್ನಾ ಮುಟ್ಟಲಿ. ಇದಕ್ಕೆ ಎದುರು ಮಾತಾಡಲು ನನ್ನಲ್ಲಿ ಏನಿದೆ? ನಾನೇ ಕಲಿಸಿದ ಪಾಠ.

ಮಾಡಬಾರದ ಕೆಲಸ ಒಂದು ಮಾಡಿದೆ. ಫೋನ್ ತೆಗೆದು ಹುಡುಕಿದೆ. ನಿನ್ನೆ ಬೆಳಿಗ್ಗೆ ನಾನು ನಿಜ ಹೇಳಿದ್ದರೆ. ಟ್ರಿಯೆಸ್ಟೆಯಿಂದ ರಾತ್ರಿ ವೆನಿಸ್. ಇವತ್ತು ನಸುಕಿನಲ್ಲಿ ವಿಮಾನ, ನಡುವೆ ಒಂದು ಬದಲಿ. ಸಿಯಾಟಲ್ 12:50. ಹೊರಗೆ ಬರಲು ಒಂದು ತಾಸು, ಡುವಾಲ್‌ಗೆ ಐವತ್ತು ನಿಮಿಷ.

2:40.

ಮೂರು ಸಲ ಕೂಡಿಸಿ ನೋಡಿದೆ. 2:40. ಇಪ್ಪತ್ತೈದು ನಿಮಿಷ ಮೊದಲು ಮುಟ್ಟುತ್ತಿದ್ದಳು.

ನವೆಂಬರ್ 30. ಭಾನುವಾರ. ಬೆಳಿಗ್ಗೆ 7:15

ಗಾಡಿ ಓಡುತ್ತಿದೆ. ಪರದೆಯ ಮೇಲೆ ನೋಡುತ್ತಲೇ ಇದ್ದೇನೆ. ನಿಕಿತಾ ಆಗಲೇ ಎರಡು ಫೋಟೊ ಕಳಿಸಿದ್ದಾಳೆ. ಸುರಂಗ. ಹಿಮ. "ಫಾರ್ ಅಜ್ಜಿ" ಎಂದು ಕೆಳಗೆ. ಏನೂ ಉತ್ತರ ಬರೆದಿಲ್ಲ.

7:40

ಶಶಿಕಾಂತ ಕಾಫಿ ತಂದಿಟ್ಟ. "ನಾ ಹೇಳ್ತೀನಪ್ಪಾ. ಮೊದಲು ಸೀರಿಯಸ್ ಅದಾಳ ಅಂತಷ್ಟ ಅನ್ನೋಣು. ವಿಮಾನ ಹತ್ತಲಿ. ಇಲ್ಲಿ ಬಂದ ಮ್ಯಾಲೆ..."

ಬೇಡ, ಎಂದೆ.

"ಒಬ್ಬಾಕಿ ಹೆಂಗ ತಡ್ಕೋತಾಳ?"

"ಅಕ್ಟೋಬರ್‌ನ್ಯಾಗ ತಡ್ಕೋತಿದ್ದಳು," ಎಂದೆ. "ನಾವು ತಡ್ಕೊಳ್ಳಲಿಲ್ಲ."

ಶಶಿಕಾಂತ ನನ್ನ ಹೆಗಲ ಮೇಲೆ ಕೈ ಇಟ್ಟು ಹೊರಗೆ ಹೋದ. ಮಣ್ಣು ಮಾಡುವುದು ಬುಧವಾರ. ನಿಕಿತಾ ಬರುವ ತನಕ ಕಾಯುತ್ತಾರೆ. ಆ ಒಂದು ಗಾಡಿಯನ್ನಾದರೂ ಹಿಡಿದು ನಿಲ್ಲಿಸಿದ್ದೇನೆ.

7:52

ಮೈಕಿನಲ್ಲಿ ಕೂಗುವ ಮೊದಲು ಚೀಟಿಯ ಮೇಲೆ ಬರೆದುಕೊಳ್ಳುವುದು ರೂಢಿ. ಇಲ್ಲಿ ಬರೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಬಾಯಿ ಮತ್ತೆ ಬೇರೆ ಏನಾದರೂ ಹೇಳುತ್ತದೆ.

"ಅಜ್ಜಿಗೆ ಭಾಳ ಅರಾಮಿರಲಿಲ್ಲ" — ಹೊಡೆದುಹಾಕಿದೆ.

"ಅಜ್ಜಿ ಹೋದಳು" — ಎಲ್ಲಿಗೆ ಎಂದು ಕೇಳಿಯಾಳು. ಭಜನೆಗೆ ಎಂದು ಎಷ್ಟು ಸಲ ಹೇಳಿದ್ದೇನೆ. ಹೊಡೆದುಹಾಕಿದೆ.

ಅಜ್ಜಿ ಸತ್ತಳು. ನಿನ್ನೆ, ಮೂರೂಐದಕ್ಕೆ. ನಿನ್ನ ಬಸ್ಸು ಕೇಳುತ್ತಿದ್ದಳು. ನೀನು ಬರ್ಲಾ ಎಂದು ಕೇಳಿದೆ, ನಿನ್ನನ್ನು ಟ್ರಿಯೆಸ್ಟೆಗೆ ಕಳಿಸಿದವ ನಾನು.

ಇಷ್ಟು. ಇದರಲ್ಲಿ ಒಂದೂ ಬಿಡಬಾರದು.

8:02

ಬಂದಿಲ್ಲ. ಆರು ನಿಮಿಷ ತಡ ಎಂದು ತೋರಿಸುತ್ತಿದೆ. ಇಷ್ಟು ವರ್ಷದಲ್ಲಿ ಒಂದು ಗಾಡಿ ಇನ್ನೂ ತಡವಾಗಿ ಬರಲಿ ಎಂದು ಬೇಡಿಕೊಂಡದ್ದು ಇವತ್ತೇ.

8:08

ಬಂತು. ಇಳಿಯುತ್ತಿರುತ್ತಾಳೆ. ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತಿರುತ್ತಾಳೆ. ಒಂದು ನಿಮಿಷ ಕೊಡುತ್ತೇನೆ. ಒಂದೇ.

8:09

ನಾನು ಒತ್ತುವ ಮೊದಲೇ ಅವಳದೇ ಫೋನ್. ಬರೆದದ್ದನ್ನೇ ಓದುತ್ತೇನೆ — ನಿಕ್ಕವ್ವಾ, ಅಜ್ಜಿ...